ಅಜ್ಜಿ ಕೇಳಿ ಕಳುಹಿಸಿದ ಪ್ರಶ್ನೆ

2024ರ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನಮ್ಮ ಒಂಬತ್ತನೇ ತರಗತಿಯ ಗೋಡೆಯ ಮೇಲೆ ಮತಗಟ್ಟೆಯ ಸಂಖ್ಯೆ ಹಾಗೆಯೇ ಉಳಿದಿತ್ತು. ಏಪ್ರಿಲ್ 26ರಂದು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಮತದಾನ ನಡೆದದ್ದು ಅದೇ ಕೋಣೆಯಲ್ಲಿ. ಮಳೆಗಾಲದ ಒಂದು ದಿನ ‘ಕೇಂದ್ರ ಸರ್ಕಾರ’ ಪಾಠ ತೆಗೆದುಕೊಂಡು, ರಾಷ್ಟ್ರಪತಿಯಾಗಲು 35 ವರ್ಷ, ರಾಜ್ಯಸಭೆಗೆ 30, ಲೋಕಸಭೆಗೆ 25 ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು. “ಮೇಡಂ, ನಮ್ಮ ಅಜ್ಜಿ ಯಾವ ಗುಂಡಿ ಒತ್ತಿದರು ಎಂಬುದು ಅಲ್ಲಿ ಕುಳಿತವರಿಗೆ ತಿಳಿಯುತ್ತದಂತೆ, ಹೌದೇ? ಅಜ್ಜಿ ಕೇಳಿಕೊಂಡು ಬಾ ಎಂದಿದ್ದಾರೆ.”

ಮೂರು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕುಳಿತವಳು ನಾನು. “ಇಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅವಳ ಅಜ್ಜಿಗೆ ಬೇಕಾದದ್ದು ನನ್ನ ಮಾತಲ್ಲ, ಪುರಾವೆ. ಪುಸ್ತಕ ಮುಚ್ಚಿದೆ.

ಮೊದಲು ಮತದಾರರ ಪಟ್ಟಿ. ಮನೆಯಲ್ಲಿರುವ 18 ತುಂಬಿದ ಎಲ್ಲರ ಪೂರ್ಣ ಹೆಸರು ಬರೆದು ತನ್ನಿ ಎಂದೆ. ನಾಲ್ಕೈದು ಹಾಳೆಗಳಲ್ಲಿ ‘ಅಜ್ಜಿ’ ಎಂದಷ್ಟೇ ಇತ್ತು. ಹೆಸರು ಮಕ್ಕಳಿಗೆ ಗೊತ್ತಿರಲಿಲ್ಲ. ಆಗ 1951–52ರ ಮೊದಲ ಸಾರ್ವತ್ರಿಕ ಚುನಾವಣೆಯ ಕಥೆ ಹೇಳಿದೆ. ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದ್ದರು. ಹೆಸರಿಲ್ಲದೆ ಮತವಿಲ್ಲ ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಟ ಹಿಡಿದರು, ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಮರುದಿನ ಎಲ್ಲ ಹಾಳೆಗಳಲ್ಲೂ ಅಜ್ಜಿಯಂದಿರ ಹೆಸರು ಬಂದಿತ್ತು.

ಆಮೇಲೆ ತರಗತಿಯಲ್ಲೇ ಅಣಕು ಮತದಾನ ನಡೆಸಲು ಬೆಂಚುಗಳನ್ನು ಸರಿಸಿದೆವು. ಪಟ್ಟಿ ನೋಡುವವನೊಬ್ಬ, ಬೆರಳಿಗೆ ಶಾಯಿ ಹಚ್ಚಿ ಸಹಿ ಮಾಡಿಸಿಕೊಳ್ಳುವವಳೊಬ್ಬಳು, ಚೀಟಿ ಕೊಡುವವನೊಬ್ಬ, ಮೂವರು ಅಭ್ಯರ್ಥಿಗಳು, ಅವರ ಪರವಾಗಿ ಮೂವರು ಏಜೆಂಟರು. ರಟ್ಟಿನ ಮರೆಯ ಹಿಂದೆ ಡಬ್ಬಿ. ಪ್ರಶ್ನೆ ಕೇಳಿದ ಹುಡುಗಿಯೇ ಅಧ್ಯಕ್ಷಾಧಿಕಾರಿ. ಮತದಾನಕ್ಕೆ ಮುನ್ನ ಅವಳಿಂದ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಪ್ರಕರಣವನ್ನು ಗಟ್ಟಿಯಾಗಿ ಓದಿಸಿದೆ: ಮತದ ಗೋಪ್ಯತೆಯನ್ನು ಸಿಬ್ಬಂದಿಯೂ ಏಜೆಂಟರೂ ಕಾಪಾಡಬೇಕು, ಮುರಿದರೆ ಮೂರು ತಿಂಗಳವರೆಗೆ ಸೆರೆ. ನಿಜವಾದ ಮತಗಟ್ಟೆಯಲ್ಲೂ ಇದನ್ನು ಓದಲೇಬೇಕು. ಅಭ್ಯರ್ಥಿಗಳಿಗೆ ನಾನು ಹಾಕಿದ್ದು ಒಂದೇ ಷರತ್ತು, ಸಂಸತ್ತಿನ ಕೈಯಲ್ಲಿರುವುದನ್ನಷ್ಟೇ ಭರವಸೆಯಾಗಿ ಕೊಡಬೇಕು. ಊರಿಗೆ ಪೊಲೀಸ್ ಠಾಣೆ ತರುತ್ತೇನೆ ಎಂದವನನ್ನು ಗೆಳೆಯರೇ ತಡೆದರು. ಪೊಲೀಸ್ ರಾಜ್ಯಪಟ್ಟಿಯ ವಿಷಯ. ಅವನು ರೈಲಿಗೆ ಬದಲಾಯಿಸಿಕೊಂಡ.

ಎಣಿಕೆಯ ಹೊತ್ತಿಗೆ ಗಲಾಟೆ ಎದ್ದಿತು. ಪುಸ್ತಕದಲ್ಲಿ 38 ಸಹಿ, ಡಬ್ಬಿಯಲ್ಲಿ 37 ಚೀಟಿ. ಏಜೆಂಟರು ಮೇಜಿನ ಸುತ್ತ ಮುತ್ತಿಕೊಂಡರು. ನಾನು ಬಾಯಿ ಹಾಕಲಿಲ್ಲ. ಹುಡುಗಿ ಮೂರು ಸಲ ಎಣಿಸಿದಳು, ಬೆಂಚಿನಡಿ ಹುಡುಕಿಸಿದಳು. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಕಿಸೆಯಿಂದ ಚೀಟಿ ತೆಗೆದು, “ಮೂವರಲ್ಲಿ ಯಾರೂ ನನಗೆ ಒಪ್ಪಿಗೆಯಾಗಲಿಲ್ಲ” ಎಂದ. ತಪ್ಪು ನನ್ನದು, ಚೀಟಿಯಲ್ಲಿ ‘ನೋಟಾ’ ಸೇರಿಸಿರಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಆ ಗುಂಡಿಯನ್ನು ಹೀಗೆ ಮರೆತದ್ದೇ ಅದನ್ನು ಚೆನ್ನಾಗಿ ಕಲಿಸಿತು. ಸಹಿ ಹಾಕಿದ ಮೇಲೂ ಮತ ಹಾಕುವುದಿಲ್ಲ ಎನ್ನುವವರಿಗೆ ನಿಯಮದಲ್ಲಿ ಎಡೆಯಿದೆ. ಪುಸ್ತಕದಲ್ಲಿ ಷರಾ ಬರೆದು ಅವರ ಸಹಿ ಪಡೆಯಬೇಕು. ಹುಡುಗಿ ಹಾಗೆಯೇ ಮಾಡಿದಳು. ಲೆಕ್ಕ ತಾಳೆಯಾಯಿತು. ಮತದಾನ ಮುಗಿದಾಗ ಅಧ್ಯಕ್ಷಾಧಿಕಾರಿ ಭರ್ತಿ ಮಾಡುವ, ಚಲಾಯಿತ ಮತಗಳ ಲೆಕ್ಕದ 17ಸಿ ನಮೂನೆ ಏಕಿದೆ, ಅದರ ಪ್ರತಿ ಏಜೆಂಟರ ಕೈಗೆ ಏಕೆ ಹೋಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿ ಬರಲಿಲ್ಲ.

ಲೋಕಸಭೆಗೆ ಹುಣಸೆ ಬೀಜ ತಂದೆವು. ಸ್ಥಾನಕ್ಕೊಂದರಂತೆ 543 ಎಣಿಸಿ ನೆಲದ ಮೇಲೆ ಹರಡಿ, ಕರ್ನಾಟಕದ 28ನ್ನು ಬೇರೆಯಿಟ್ಟಾಗ ಮಕ್ಕಳು ಸುಮ್ಮನಾದರು. ಇಷ್ಟೇ? ಪಕ್ಕದಲ್ಲಿ ಉತ್ತರ ಪ್ರದೇಶದ 80. ರಾಜ್ಯಗಳ ಪಾಲು ಇಂದಿಗೂ 1971ರ ಜನಗಣತಿಯ ಮೇಲೆ ನಿಂತಿದೆ ಎಂದಾಗ, ಅದು ಬದಲಾದರೆ ನಮ್ಮ ಗುಂಪು ಹಿಗ್ಗುತ್ತದೋ ಕುಗ್ಗುತ್ತದೋ ಎಂದು ತಾವೇ ಲೆಕ್ಕಕ್ಕೆ ಕುಳಿತರು. ಸರ್ಕಾರ ರಚಿಸಲು 272. ಸಂವಿಧಾನ ತಿದ್ದಲು, ಎಲ್ಲರೂ ಹಾಜರಿದ್ದರೆ, 362; ರಾಜ್ಯಸಭೆಯಲ್ಲೂ ಅದೇ ಅನುಪಾತ. “ಅಷ್ಟು ಬೀಜ ಒಂದೇ ಕಡೆ ಸೇರಿದರೆ ಏನನ್ನು ಬೇಕಾದರೂ ಬದಲಾಯಿಸಬಹುದೇ?” ಎಂದು ಒಬ್ಬ ಕೇಳಿದ. ಆ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ.

ಗಡಿ ದಾಟಿದರೆ ಸಿಗುವ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ ಕೋರ್ಟಿಗೆ ಹೋದವರು. ಆ ಮೊಕದ್ದಮೆ ಕೇಳಿದ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಲೆಕ್ಕಕ್ಕೆ ಮೇಜಿನ ಮೇಲೆ 13 ಬೀಜ ಇಟ್ಟು, ಏಳು ಒಂದು ಕಡೆ, ಆರು ಇನ್ನೊಂದು ಕಡೆ ಮಾಡಿದೆ. 1973ರ ಏಪ್ರಿಲ್ 24ರಂದು ಆ ಒಂದು ಬೀಜದ ಅಂತರದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡವಲಾಗದು ಎಂದು ತೀರ್ಮಾನವಾಯಿತು. ಎಡನೀರಿನಲ್ಲಿ ಯಕ್ಷಗಾನ ನೋಡಿ ಬಂದಿದ್ದ ಮಕ್ಕಳು ನಾಲ್ವರಿದ್ದರು. ಆ ಮಠವೇ ಎಂದು ಅವರು ಮತ್ತೆ ಮತ್ತೆ ಕೇಳಿದರು.

ಇಷ್ಟಾದ ಮೇಲೂ ಅಜ್ಜಿಗೆ ಸಮಾಧಾನವಾಗಿರಲಿಲ್ಲ. ವಾರದ ನಂತರ ಹುಡುಗಿ ಹೊಸ ಪ್ರಶ್ನೆ ತಂದಳು: ಗುಟ್ಟಾಗಿದ್ದರೆ ನನ್ನ ಸಹಿ ಏಕೆ? ಸಹಿಯ ಪುಸ್ತಕ ಮೊಹರಾಗಿ ಹೋಗುತ್ತದೆ, ನ್ಯಾಯಾಲಯದ ಆದೇಶವಿಲ್ಲದೆ ತೆರೆಯುವಂತಿಲ್ಲ, ಯಂತ್ರ ಹೇಳುವುದು ಒಟ್ಟು ಮೊತ್ತವನ್ನು ಮಾತ್ರ ಎಂದೆ. ಆದರೆ ಅಜ್ಜಿಯ ಅಂಜಿಕೆ ಪೂರ್ತಿ ಹುಸಿಯಲ್ಲ ಎಂಬುದನ್ನೂ ಹೇಳಲೇಬೇಕಿತ್ತು. ಒಬ್ಬರ ಮತ ತಿಳಿಯದು. ಮತಗಟ್ಟೆಯ ಮತ ತಿಳಿಯುತ್ತದೆ. ಯಾವ ಊರು ಯಾರ ಕಡೆ ನಿಂತಿತು ಎಂಬುದು ಗೆದ್ದವರಿಗೂ ಸೋತವರಿಗೂ ಗೊತ್ತಾಗುತ್ತದೆ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು.

“ಹಾಗಾದರೆ ಈಗಲೂ ಬೆರೆಸಲಿ” ಎಂದಿತು ಅರ್ಧ ತರಗತಿ. “ಬೆರೆಸಿದರೆ ಆ 38–37 ಹೇಗೆ ಸಿಗುತ್ತಿತ್ತು?” ಎಂದಿತು ಇನ್ನರ್ಧ. ಎರಡು ಪೀರಿಯಡ್ ಕಳೆದರೂ ಒಮ್ಮತ ಬರಲಿಲ್ಲ, ನಾನೂ ಯಾವ ಕಡೆಗೂ ಮತ ಹಾಕಲಿಲ್ಲ. ಹುಡುಗಿ ಎರಡೂ ಕಡೆಯ ವಾದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಅಜ್ಜಿಗೆ ಓದಿ ಹೇಳುತ್ತೇನೆ ಎಂದು ಹೊರಟಳು.