ಬೈಬಲ್ ಓದುವಾಗ ‘ಆತನು’ ಇದ್ದಲ್ಲಿ ‘ನೀನು’ ಅನ್ನಿ

ಬೈಬಲ್ ಓದುವಾಗ ದೇವರ ಬಗ್ಗೆ ‘ಆತನು’ ಅಂತ ಬಂದಲ್ಲೆಲ್ಲ ‘ನೀನು’ ಅಂತ ಬದಲಿಸಿ, ಮೆಲ್ಲಗೆ ಬಾಯಿಬಿಟ್ಟು ಹೇಳಿ. ದೇವರ ಬಗ್ಗೆ ಓದುತ್ತಿದ್ದವರು ದೇವರ ಜೊತೆಗೇ ಮಾತಾಡಲು ಶುರುಮಾಡುತ್ತೀರಿ. 23ನೇ ಕೀರ್ತನೆ ನೋಡಿ. ಮೊದಲ ಮೂರು ವಚನಗಳಲ್ಲಿ ‘ಆತನು’ ಅಂತಲೇ ಇದೆ. ನಾಲ್ಕನೆಯದರಲ್ಲಿ ಕಾರ್ಗತ್ತಲ ಕಣಿವೆ ಬಂದ ಕೂಡಲೇ ಮಾತು ‘ನೀನು’ ಅಂತ ತಿರುಗುತ್ತದೆ. ಯೇಸು ಸ್ವಾಮಿಯೇ ಮಾತಾಡಿರುವ ಕಡೆ ಉತ್ತರ ಕೊಡುವ ಹಾಗೆ ಹೇಳಿ. ಯೋಹಾನ 15:5 ಆಗ ‘ಸ್ವಾಮಿ, ನಿನ್ನನ್ನು ಬಿಟ್ಟು ನಾನು ಏನೂ ಮಾಡಲಾರೆ’ ಅಂತಾಗುತ್ತದೆ. ಅಲ್ಲೇ ನಿಲ್ಲಿಸಬೇಡಿ, ಇವತ್ತಿನ ಒಂದು ಸಂಗತಿ ಸೇರಿಸಿ: ಮಗನ ಹತ್ತಿರ ಆಡಬೇಕಾದ ಆ ಕಷ್ಟದ ಮಾತು, ಯಾರಲ್ಲೋ ಕೇಳಬೇಕಾದ ಕ್ಷಮೆ. ನನಗಂತೂ ದಿನಕ್ಕೆ ಒಂದೆರಡು ವಚನ ಸಾಕು, ಜಾಸ್ತಿ ಆದರೆ ಬರೀ ಓದಾಗಿಬಿಡುತ್ತದೆ. ವಂಶಾವಳಿ, ಕಾನೂನಿನ ಭಾಗಗಳಲ್ಲಿ ಇದು ಹೊಂದುವುದಿಲ್ಲ. ಅಬ್ರಹಾಮನಿಗೆ ಕೊಟ್ಟ ಮಗನ ವಾಗ್ದಾನದಂಥದ್ದನ್ನು ಸುಮ್ನೆ ನಮ್ಮದು ಅಂತ ಎಳೆದುಕೊಳ್ಳಲೂ ಬಾರದು. ದುಃಖಕ್ಕೆ ಮಾತೇ ಹೊರಡದಿದ್ದರೆ ಏನನ್ನೂ ಬದಲಿಸಬೇಡಿ, 88ನೇ ಕೀರ್ತನೆಯನ್ನು ಇದ್ದ ಹಾಗೇ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ ಅಲ್ವಾ.