ಸಾಕೆಟ್ ಪ್ರಿಂಟ್ ಮಾಡುವ ಮೊದಲು ಕಾಲನ್ನ ಕೈಯಿಂದ ಮುಟ್ಟಿ ನೋಡಿ

ಮಂಡಿ ಕೆಳಗೆ ಕಾಲು ಕಳೆದುಕೊಂಡವರಿಗೆ ನಾನು ಸಾಕೆಟ್ ಮಾಡುತ್ತೇನೆ. ಸಾಕೆಟ್ ಅಂದರೆ ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಜಾಗ. ಕೆಳಗಿನ ಪಾದ ಎಷ್ಟೇ ಚೆನ್ನಾಗಿರಲಿ, ಸಾಕೆಟ್ ಒತ್ತಿ ಗಾಯವಾದರೆ ಆ ಕಾಲು ಮನೆಯ ಮೂಲೆ ಸೇರುತ್ತದೆ. ಮೊದಲೆಲ್ಲಾ ಪಿಒಪಿ ಬ್ಯಾಂಡೇಜ್ ಸುತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಅರದಿಂದ ಉಜ್ಜಿ ತಿದ್ದುತ್ತಿದ್ದೆ. ಈಗ ಕಾಲನ್ನ ಫೋನಿನಿಂದ ಸ್ಕ್ಯಾನ್ ಮಾಡಿ, ಬ್ಲೆಂಡರ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಿದ್ದಿ, 3ಡಿ ಪ್ರಿಂಟ್ ಮಾಡುತ್ತೇನೆ.

ಸ್ಕ್ಯಾನರ್‌ಗೆ ಕಾಣೋದು ಚರ್ಮ ಮಾತ್ರ. ಎಲುಬು ಎಲ್ಲಿದೆ, ಎಲ್ಲಿ ಒತ್ತಿದರೆ ಅವರು ಮುಖ ಕಿವುಚುತ್ತಾರೆ ಅನ್ನೋದು ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಮೊದಲು ಮುಟ್ಟಿ ನೋಡಿ, ಮುಖ್ಯ ಜಾಗಗಳಿಗೆ ಸ್ಟಿಕ್ಕರ್ ಬೊಟ್ಟು ಅಂಟಿಸುತ್ತೇನೆ: ಮಂಡಿಚಿಪ್ಪಿನ ಕೆಳಗಿನ ಟೆಂಡನ್ (ಗಟ್ಟಿ ನಾರಿನ ಪಟ್ಟಿ), ಹೊರಬದಿಯ ಸಣ್ಣ ಎಲುಬಿನ ತಲೆ, ಮುಂದಿನ ಎಲುಬಿನ ಏಣು, ಕತ್ತರಿಸಿದ ತುದಿ. ಹೊಳೆಯುವ ಬೊಟ್ಟು ಬೇಡ, ವೆಲ್ವೆಟ್‌ದು ಬಣ್ಣದ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ತೊಡೆಗೆ ಆಸರೆ ಕೊಟ್ಟು, ಮಂಡಿ ಸ್ವಲ್ಪ ಮಡಿಸಿ, ಅಲುಗಾಡಬೇಡಿ ಅಂತ ಹೇಳಿ ಫೋನ್ ಹಿಡಿದು ಸುತ್ತ ಬರುತ್ತೇನೆ. ಆಮೇಲೆ ಟೇಪಿನಿಂದ ಪ್ರತಿ 3 ಸೆಂ.ಮೀ.ಗೆ ಸುತ್ತಳತೆ ಬರೆದುಕೊಂಡು ಫೈಲ್ ಜೊತೆ ಹೋಲಿಸುತ್ತೇನೆ. ಇದನ್ನ ಮಾತ್ರ ಬಿಡಬೇಡಿ, ಫೋನ್ ಸ್ಕ್ಯಾನ್‌ನಲ್ಲಿ ಅಳತೆ ಸ್ವಲ್ಪ ಆಚೀಚೆ ಆದರೂ ಸಾಕೆಟ್ ಪೂರ್ತಿ ಹಾಳು.

ತಿದ್ದುವಾಗ ಸ್ಕ್ಯಾನ್ ಇದ್ದ ಹಾಗೇ ಇಟ್ಟರೆ ಪ್ರಯೋಜನವಿಲ್ಲ. ಭಾರ ತಾಳುವ ಕಡೆ, ಅಂದರೆ ಟೆಂಡನ್ ಮೇಲೆ ಮತ್ತು ಒಳಬದಿಯ ಎಲುಬಿನ ಅಗಲ ಭಾಗದಲ್ಲಿ, ಕೆಲವು ಮಿಲಿಮೀಟರ್ ಒಳಗೆ ಒತ್ತುತ್ತೇನೆ. ಸಣ್ಣ ಎಲುಬಿನ ತಲೆಯ ಹತ್ತಿರ ನರ ಹಾದುಹೋಗುತ್ತದೆ, ಅಲ್ಲಿ ಜಾಗ ಬಿಡಲೇಬೇಕು. ಮುಂದಿನ ಎಲುಬಿನ ಏಣುಭಾಗಕ್ಕೂ ತುದಿಗೂ ಹಾಗೇ. ಹಿಂದಿನ ಅಂಚು ಎತ್ತರವಾದರೆ ಕೂತಾಗ ಮಂಡಿ ಮಡಚಲು ಬರಲ್ಲ, ನೆಲದ ಮೇಲೆ ಕೂರುವ ನಮ್ಮವರಿಗೆ ಇದು ದೊಡ್ಡ ವಿಷಯ ಅಲ್ವಾ. ಕಂಪ್ಯೂಟರ್‌ನ ನಿಜವಾದ ಲಾಭ ಇಲ್ಲೇ ಇದೆ. ಪ್ಲಾಸ್ಟರನ್ನ ಉಜ್ಜಿದ ಮೇಲೆ ಹಳೇ ಆಕಾರ ಸಿಗಲ್ಲ, ಇಲ್ಲಿ ಹಿಂದಕ್ಕೆ ಹೋಗಬಹುದು, ಎಲ್ಲಿ ಎಷ್ಟು ಒತ್ತಿದೆ ಅಂತ ಅಂಕಿಯಲ್ಲೇ ನೋಡಬಹುದು.

ಪ್ರಿಂಟ್‌ಗೆ ಬಣ್ಣವಿಲ್ಲದ ಪಿಇಟಿಜಿ ಪ್ಲಾಸ್ಟಿಕ್ ಬಳಸುತ್ತೇನೆ. ಪಿಎಲ್‌ಎ ಅನ್ನೋ ಇನ್ನೊಂದು ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡೋಕೂ ಭಯ. ಪ್ಲಾಸ್ಟಿಕ್ ಹೊರಬರುವ ನಾಝಲ್ 0.8 ಮಿ.ಮೀ., ದಪ್ಪ ಗೋಡೆ, ಫ್ಯಾನ್ ಕಡಿಮೆ. ಇಷ್ಟಾದರೂ ಪದರಗಳ ನಡುವಿನ ಬೆಸುಗೆಯೇ ಅದರ ದುರ್ಬಲ ಜಾಗ. ಹಾಗಾಗಿ ನನಗೆ ಇದು ಟ್ರಯಲ್ ಸಾಕೆಟ್ ಅಷ್ಟೇ. ಪ್ಯಾರಲಲ್ ಬಾರ್ ಹಿಡಿದು ನಿಲ್ಲಿಸುತ್ತೇನೆ, ನಡೆಸುತ್ತೇನೆ. ಮುದ್ದೆ ಮಾಡಿದ ಜೇಡಿಮಣ್ಣನ್ನ ತಳದಲ್ಲಿಟ್ಟರೆ ತುದಿ ಎಷ್ಟು ತಾಗುತ್ತಿದೆ ಗೊತ್ತಾಗುತ್ತದೆ. ನೋವಿರುವ ಕಡೆ ಚರ್ಮಕ್ಕೆ ಲಿಪ್‌ಸ್ಟಿಕ್ ಹಚ್ಚಿದರೆ ಅದರ ಗುರುತು ಸಾಕೆಟ್ ಒಳಗೆ ಬೀಳುತ್ತದೆ, ಅಲ್ಲಿ ತಿದ್ದಿ ಮತ್ತೆ ಪ್ರಿಂಟ್. ಸರಿಯಾದ ಮೇಲೆ ಮನೆಗೆ ಕಳಿಸುವ ಸಾಕೆಟನ್ನ ಹಳೇ ವಿಧಾನದಲ್ಲೇ ಲ್ಯಾಮಿನೇಟ್ ಮಾಡುತ್ತೇನೆ, ಅಂದರೆ ಬಟ್ಟೆಯ ಪದರಗಳನ್ನ ರಾಳದಲ್ಲಿ ನೆನೆಸಿ ಗಟ್ಟಿ ಮಾಡುತ್ತೇನೆ. ಕೃತಕ ಕಾಲಿನ ಬಲ ಪರೀಕ್ಷಿಸಲು ಐಎಸ್‌ಒ 10328 ಅಂತ ಮಾನದಂಡವೇ ಇದೆ. ಟೇಬಲ್ ಪ್ರಿಂಟರ್‌ನಿಂದ ಬಂದ ಸಾಕೆಟನ್ನ ಆ ಪರೀಕ್ಷೆಗೆ ಒಡ್ಡದೆ ಒಬ್ಬರ ಪೂರ್ತಿ ಭಾರ ಅದರ ಮೇಲೆ ಹಾಕಿಸುವುದು ತಪ್ಪು ಅಂತಲೇ ನಾನು ಹೇಳೋದು.

ಮಕ್ಕಳಿಗೆ ಪ್ರಿಂಟ್ ಮಾಡಿಕೊಟ್ಟ ಕೃತಕ ಕೈಯ ವಿಡಿಯೋ ನೋಡಿ, ಕಾಲನ್ನೂ ಹಾಗೇ ಮಾಡಿಕೊಡಿ ಅಂತ ಕೇಳುವವರು ಜಾಸ್ತಿ. 2013ರಲ್ಲಿ ಅಮೆರಿಕದ ಐವನ್ ಓವನ್ ಮತ್ತು ದಕ್ಷಿಣ ಆಫ್ರಿಕಾದ ರಿಚರ್ಡ್ ವಾನ್ ಆಸ್ ತಾವು ಮಾಡಿದ ಕೃತಕ ಕೈಯ ವಿನ್ಯಾಸವನ್ನ ಎಲ್ಲರಿಗೂ ಉಚಿತವಾಗಿ ಕೊಟ್ಟರು, ತುಂಬಾ ದೊಡ್ಡ ಕೆಲಸ. ಆದರೆ ಆ ಕೈಯ ಬೆರಳು ಮುರಿದರೆ ಇನ್ನೊಂದು ಹಾಕಬಹುದು. ಸಾಕೆಟ್ ನಡುರಸ್ತೆಯಲ್ಲಿ ಒಡೆದರೆ ಮನುಷ್ಯ ಬೀಳುತ್ತಾನೆ.

ಫೈಲ್ ಅಳಿಸಬೇಡಿ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಬಾವು ಇಳಿದು ಕಾಲು ಸಣ್ಣಗಾಗುತ್ತದೆ, ಸಾಕ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಬರುತ್ತಾರೆ. ಆಗ ಹೊಸ ಸ್ಕ್ಯಾನನ್ನ ಹಳೇದರ ಮೇಲಿಟ್ಟು ನೋಡಿದರೆ ಎಲ್ಲಿ ಇಳಿದಿದೆ ಅಂತ ಅವರಿಗೇ ತೋರಿಸಬಹುದು.