ಕಡುಬು ಸರಿ, ಎಲುಬು ಬೇಡ

ಕೆನಡಾದ ವಿಂಕ್ಲರ್‌ಗೆ ಬಂದ ಮೊದಲ ವಾರವೇ ಪಕ್ಕದ ಮನೆ ಅಜ್ಜಿ ಒಂದು ಪಾತ್ರೆ ಸೂಪು ತಂದುಕೊಟ್ಟರು. ನಾವು ಮಾಂಸ ತಿನ್ನುವುದಿಲ್ಲ ಅಂತ ಅವರಿಗೆ ಮೊದಲೇ ಹೇಳಿದ್ದೆ. "ಗೊತ್ತು, ಗೊತ್ತು. ಇದು ಬರೀ ತರಕಾರಿ" ಅಂದರು. ಎಲೆಕೋಸು, ಆಲೂಗಡ್ಡೆ, ಟೊಮೆಟೊ, ಮೇಲೆ ಸಬ್ಬಸಿಗೆ ಸೊಪ್ಪು. ಘಮ್ಮಂತಿತ್ತು. ಬಡಿಸಲು ಸೌಟು ಹಾಕಿದೆ, ತಳದಲ್ಲಿ ಏನೋ ಟಣ್ ಅಂತು. ಎತ್ತಿದರೆ ಅಂಗೈ ಉದ್ದದ ಎಲುಬು.

ಮರುದಿನ ಪಾತ್ರೆ ವಾಪಸ್ ಕೊಡುವಾಗ ಮೆಲ್ಲಗೆ ಹೇಳಿದೆ. ಅಜ್ಜಿಗೆ ನಿಜಕ್ಕೂ ಆಶ್ಚರ್ಯ. "ಅದು ಮಾಂಸ ಅಲ್ಲವಲ್ಲ, ಬರೀ ಎಲುಬು. ರುಚಿಗೆ ಹಾಕೋದು!"

ಇದು 2016ರ ಮಾತು. ನಾನು ರಾಣೆಬೆನ್ನೂರಿನವಳು. ನಮ್ಮನೆಯವರಿಗೆ ಇಲ್ಲಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಅಂತ ಮ್ಯಾನಿಟೋಬಾದ ಈ ಬಯಲಿಗೆ ಬಂದೆವು. 2021ರ ಜನಗಣತಿ ಪ್ರಕಾರ ಊರಲ್ಲಿ 13 ಸಾವಿರ ಚಿಲ್ಲರೆ ಜನ, ತುಂಬಾ ಜನ ಮೆನೊನೈಟರು ಅನ್ನುವ ಕ್ರೈಸ್ತ ಪಂಗಡದವರು. ಬರುವ ಮುಂಚೆ ನನ್ನ ತಲೆಯಲ್ಲಿದ್ದದ್ದು ಕುದುರೆ ಗಾಡಿ, ಕಪ್ಪು ಟೋಪಿ, ಲಾಟೀನು. ಬಂದು ನೋಡಿದರೆ ಮನೆಮನೆಗೂ ನಮ್ಮ ಅಡುಗೆಮನೆಗಿಂತ ದೊಡ್ಡ ಪಿಕಪ್ ಟ್ರಕ್. ಗಾಡಿಯಲ್ಲಿ ಓಡಾಡುವ ಮೆನೊನೈಟರನ್ನು ನೋಡಬೇಕೆಂದರೆ ಒಂಟಾರಿಯೊ ಕಡೆ ಹೋಗಿ ಅಂತ ಅಜ್ಜಿ ನಕ್ಕರು.

ಇವರ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಅಡುಗೆಗೆ ಬೇಕಾಗುತ್ತದೆ. 16ನೇ ಶತಮಾನದ ಡಚ್ ಪಾದ್ರಿ ಮೆನೊ ಸೈಮನ್ಸ್ ಹೆಸರಿನಿಂದ ಮೆನೊನೈಟ್ ಆದವರು. ಯುದ್ಧ ಮಾಡುವುದಿಲ್ಲ ಅನ್ನುವುದು ಇವರ ಹಟ. ಆ ಹಟ ಹಿಡಿದೇ ಊರೂರು ಅಲೆದು, ರಷ್ಯಾದ ಸಾಮ್ರಾಜ್ಯದಲ್ಲಿ, ಅಂದರೆ ಈಗಿನ ಉಕ್ರೇನಿನಲ್ಲಿ, ನೆಲೆ ನಿಂತರು. ಅಲ್ಲೂ ಸೈನ್ಯದ ಕಾಟ ಶುರುವಾದಾಗ 1874ರಿಂದ ಮ್ಯಾನಿಟೋಬಾಕ್ಕೆ ಬಂದರು. ವಿಂಕ್ಲರ್ ಸುತ್ತಲಿನ ಹಳ್ಳಿಗಳಿಗೆ ಬಂದದ್ದು 1875ರಿಂದ. ಹಾಗಾಗಿ ಮಾತು ಪ್ಲಾಟ್‌ಡೀಚ್ ಅನ್ನುವ ಜರ್ಮನ್ ಬಗೆಯದು, ಊಟ ಮಾತ್ರ ಅರ್ಧ ಉಕ್ರೇನಿನದು. ಬೋರ್ಷ್ಟ್ ಅನ್ನುವ ಆ ಸೂಪು ಬಂದದ್ದೂ ಅಲ್ಲಿಂದಲೇ. ಎಲುಬಿನ ಸಮೇತ.

ಒಂದು ವಿಷಯದಲ್ಲಿ ಇವರು ಥೇಟ್ ನಮ್ಮವರು. ಯಾರಾದರೂ ಹೊಸಬರು ಸಿಕ್ಕರೆ ಅಡ್ಡಹೆಸರು ಕೇಳುತ್ತಾರೆ, ಆಮೇಲೆ ಹಳ್ಳಿ, ಆಮೇಲೆ ಅಜ್ಜನ ಹೆಸರು. ಐದು ನಿಮಿಷದಲ್ಲಿ ಇಬ್ಬರೂ ಬೀಗರಾಗಿರುತ್ತಾರೆ. ಫ್ರೀಸನ್, ಪೆನ್ನರ್, ಡಿಕ್ ಅಂತ ಇರುವುದೇ ಕೆಲವು ಹೆಸರು. ನಮ್ಮಲ್ಲಿ ಪಾಟೀಲ, ಹಿರೇಮಠ ಇದ್ದ ಹಾಗೆ. "ಯಾವೂರು? ಯಾರ ಪೈಕಿ?" ಅನ್ನುವ ನಮ್ಮ ಪ್ರಶ್ನೆಗೆ ಇಲ್ಲಿ ಒಂದು ಆಟದ ಹೆಸರೇ ಇದೆ, ಮೆನೊನೈಟ್ ಗೇಮ್ ಅಂತ. ನನ್ನ ಅಡ್ಡಹೆಸರು ಕೇಳಿ ಮಾತ್ರ ಆಟ ಅಲ್ಲಿಗೇ ನಿಂತುಹೋಗುತ್ತದೆ ಪಾಪ.

ಸರಿ, ಊಟಕ್ಕೆ ಬರುತ್ತೇನೆ. ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಅಂದರೆ ತತ್ವ ಹೇಳಿದ್ದು. ಒಂದು ಪಾಟ್‌ಲಕ್‌ನಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಕಡೆ, ನಾವು ಯಾಕೆ ಮಾಂಸ ತಿನ್ನುವುದಿಲ್ಲ ಅಂತ ಹತ್ತು ನಿಮಿಷ ವಿವರಿಸಿದೆ. ಎಲ್ಲರೂ ತುಂಬಾ ಮರ್ಯಾದೆಯಿಂದ ಕೇಳಿದರು. ಕೊನೆಗೆ ಒಬ್ಬರು, "ಹಾಗಾದರೆ ಕೋಳಿ ತಿಂತೀರಿ, ಅಲ್ವಾ?" ಅಂದರು.

ಅವತ್ತು ನಾನು ತಿಂದದ್ದು ಮೂರು ಬನ್ನು, ಸೌತೆಕಾಯಿ ಉಪ್ಪಿನಕಾಯಿ, ಒಂದಿಷ್ಟು ಹಸಿ ಎಲೆಕೋಸು. ಬೀನ್ಸ್ ಪಾತ್ರೆಯಲ್ಲಿ ಹಂದಿ ಮಾಂಸದ ಚೂರು ತೇಲುತ್ತಿತ್ತು. ಹಸಿರು ಜೆಲ್ಲಿಯೊಳಗೆ ಕ್ಯಾರೆಟ್ ತುರಿ ನೋಡಿ ಆಸೆಯಾಯಿತು, ಆದರೆ ಜೆಲ್ಲಿ ಗಟ್ಟಿಯಾಗುವುದು ಜೆಲಟಿನ್‌ನಿಂದ, ಅದು ಬರುವುದು ಪ್ರಾಣಿಗಳ ಚರ್ಮ, ಎಲುಬಿನಿಂದ. ಬನ್ನಾದರೂ ದಕ್ಕಿತಲ್ಲ ಅಂದುಕೊಂಡಿದ್ದೆ. ತಿಂಗಳಾದ ಮೇಲೆ ಗೊತ್ತಾಯಿತು, ಆ ಬನ್ನಿನ ಹಿಟ್ಟಿಗೆ ಹಾಕಿದ್ದು ಲಾರ್ಡ್. ಹಂದಿ ಕೊಬ್ಬು.

ಆಮೇಲೆ ತತ್ವ ಬಿಟ್ಟೆ. ಪ್ರಶ್ನೆ ಕೇಳಲು ಶುರು ಮಾಡಿದೆ. "ಇದರಲ್ಲಿ ಮಾಂಸ ಇದೆಯಾ?" ಅಂತ ಕೇಳಬಾರದು, ಇಲ್ಲ ಅಂತಲೇ ಉತ್ತರ ಬರುತ್ತದೆ. "ಯಾವ ಎಲುಬು ಹಾಕಿದ್ದೀರಿ?" ಅಂತ ಕೇಳಬೇಕು. ಆಗ "ಹ್ಯಾಮ್‌ದು", ಅಂದರೆ ಹಂದಿ ತೊಡೆಯದು, ಅಂತ ಖುಷಿಯಿಂದ ಹೇಳುತ್ತಾರೆ. ಹಾಗೆಯೇ "ಹಿಟ್ಟಿಗೆ ಯಾವ ಕೊಬ್ಬು?", "ಗ್ರೇವಿ ಮಾಡಿದ ಬಾಣಲೆಯಲ್ಲಿ ಮೊದಲು ಏನು ಹುರಿದಿರಿ?" ಈ ಕೊನೆಯದು ಬಹಳ ಮುಖ್ಯ. ಶ್ಮೌಂಟ್‌ಫಾಟ್ ಅಂತ ಕೆನೆಯ ಬಿಳಿ ಗ್ರೇವಿ ಒಂದಿದೆ. ಹೆಸರು ಕೇಳಿದರೆ ಹಾಲು, ಕೆನೆ ಅಷ್ಟೇ. ಆದರೆ ಅದನ್ನು ಮಾಡುವುದು ಫಾರ್ಮರ್ ಸಾಸೇಜ್ ಅನ್ನುವ ಹಂದಿ ಮಾಂಸದ ತಿನಿಸು ಹುರಿದ ಬಾಣಲೆಯಲ್ಲೇ, ತಳಕ್ಕೆ ಹತ್ತಿದ್ದನ್ನೆಲ್ಲ ಕೆರೆದು.

ಆ ಗ್ರೇವಿ ಹಾಕುವುದು ವೆರೆನಿಕಿ ಮೇಲೆ. ಅದನ್ನು ಮೊದಲ ಸಲ ಅಜ್ಜಿಯ ಅಡುಗೆಮನೆಯಲ್ಲಿ ನೋಡಿದಾಗ ನಾನು ಜೋರಾಗಿ "ಅಯ್ಯೋ, ಕಡುಬು!" ಅಂದೆ. ಅದೇ ಅರ್ಧಚಂದ್ರ, ಅದೇ ಅಂಚು ಒತ್ತುವ ರೀತಿ. ಒಳಗೆ ಹೂರಣದ ಬದಲು ಒಣ ಕಾಟೇಜ್ ಚೀಸ್, ಅಂದರೆ ಹೆಚ್ಚುಕಡಿಮೆ ನಮ್ಮ ಪನೀರಿನ ಪುಡಿ. ಎಣ್ಣೆಗೆ ಬಿಡುವ ಬದಲು ನೀರಲ್ಲಿ ಕುದಿಸುತ್ತಾರೆ. ಮಾಂಸವೇ ಇಲ್ಲ! ಆದರೆ ಹಿಟ್ಟಿಗೆ ಮೊಟ್ಟೆಯ ಬಿಳಿ, ಹೂರಣಕ್ಕೆ ಹಳದಿ. ಕೇಕಿನೊಳಗಿನ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ ಅಂತ ನಮ್ಮನೆಯವರು ಬಂದ ಆರು ತಿಂಗಳಲ್ಲೇ ರಾಜಿ ಮಾಡಿಕೊಂಡರು. ನನಗೆ ಆಗಲಿಲ್ಲ.

"ಮೊಟ್ಟೆ ಇಲ್ಲದೆ ಮಾಡೋಣ, ಅಜ್ಜಿ" ಅಂದೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. 80 ದಾಟಿದವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳಲಿಲ್ಲ. ಅಜ್ಜಿ ಅಂದೆ, ಅದೇ ಉಳಿಯಿತು. ಈಗ ನನ್ನ ಫೋನಿಗೆ ಮೆಸೇಜ್ ಹಾಕುವಾಗ ಕೆಳಗೆ ಅವರೇ ಅಜ್ಜಿ ಅಂತ ಬರೆಯುತ್ತಾರೆ.

"ಮೊಟ್ಟೆ ಇಲ್ಲದಿದ್ದರೆ ಒಳಗಿನದು ನೀರಿಗೆ ಓಡಿಹೋಗುತ್ತೆ" ಅಂದರು.

ಓಡಿಹೋಯಿತು. ಮೊದಲ ಸಲ ಪನೀರು ಹಸಿಯಾಗಿತ್ತು. 20 ಕಡುಬು ಹಾಕಿದ್ದೆವು, ಹತ್ತು ನಿಮಿಷದಲ್ಲಿ ಪಾತ್ರೆ ತುಂಬ ಹಾಲೊಡೆದ ನೀರು, ಅದರಲ್ಲಿ ತೇಲುವ ಹಿಟ್ಟಿನ ಚಿಂದಿ. ಅಜ್ಜಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ತುಂಬಾ ಹೇಳಿದ ಹಾಗೆ.

ಎರಡನೇ ಸಲ ಮೂರು ಲೀಟರ್ ಹಾಲು ನಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕುಕ್ಕರ್ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಉದುರುದುರಾಗಿತ್ತು. ಉಪ್ಪು, ಕಾಳುಮೆಣಸು, ಒಂದು ಚಮಚ ಹುರಿದ ಮೈದಾ. ಮೇಲಿನ ಹಿಟ್ಟಿಗೆ ಮೂರು ಕಪ್ ಮೈದಾಕ್ಕೆ ಅರ್ಧ ಕಪ್ ಹುಳಿ ಕೆನೆ, ಉಪ್ಪು, ಬೇಕಾದಷ್ಟು ಹಾಲು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಟ್ಟು, ಆಲ್ಟೋನಾ ಊರಿನ ಎಂಸಿಸಿ ಥ್ರಿಫ್ಟ್ ಅಂಗಡಿಯಲ್ಲಿ ಕೊಂಡ ಹಳೇ ಲಟ್ಟಣಿಗೆಯಲ್ಲಿ ಲಟ್ಟಿಸಿದೆ. (ಮೆನೊನೈಟರ ಸೇವಾಸಂಸ್ಥೆಯ ಈ ಹಳೇ ಸಾಮಾನಿನ ಅಂಗಡಿಗಳು ಶುರುವಾದದ್ದೇ ಆಲ್ಟೋನಾದಲ್ಲಿ, 1972ರಲ್ಲಿ. ನನ್ನ ಅರ್ಧ ಅಡುಗೆಮನೆ ಅಲ್ಲಿಂದಲೇ ಬಂದದ್ದು.) ಅಂಚಿಗೆ ನೀರು ಸವರಿ ಒತ್ತಿ, ನಮ್ಮವ್ವ ಕರಿಗಡುಬಿಗೆ ಮಾಡುವ ಹಾಗೆ ಮಡಿಕೆ ಹಾಕಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಆ ಮಡಿಕೆಯನ್ನೇ ನೋಡಿದರು. ಅವರದು ಬರೀ ಬೆರಳಲ್ಲಿ ಚಿವುಟುವುದು. "ಮತ್ತೊಮ್ಮೆ ತೋರಿಸು" ಅಂದರು.

ಉಪ್ಪುನೀರಲ್ಲಿ ತೇಲಿ ಬಂದ ಮೇಲೆ ಇನ್ನೂ ಮೂರು ನಿಮಿಷ. ಒಂದೂ ಬಾಯಿ ಬಿಡಲಿಲ್ಲ. ಗ್ರೇವಿಯನ್ನು ತೊಳೆದ ಬಾಣಲೆಯಲ್ಲಿ ಬೆಣ್ಣೆಗೆ ಈರುಳ್ಳಿ ಕೆಂಪಗೆ ಹುರಿದು, ಅದಕ್ಕೇ ಕೆನೆ ಹಾಕಿ ಮಾಡಿದೆವು. ನಾನು ನನ್ನ ತಟ್ಟೆಗೆ ಮಾತ್ರ ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿಕೊಂಡೆ. ಅಜ್ಜಿ ಎರಡು ತಿಂದು "ನಾಟ್ ಟೂ ಬ್ಯಾಡ್" ಅಂದರು. ಇಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಇವತ್ತಿನವರೆಗೂ ಕೇಳಿಲ್ಲ.

ಅವತ್ತೇ ಅವರು ಕಪಾಟಿನಿಂದ ಒಂದು ಹಳೇ ಅಡುಗೆ ಪುಸ್ತಕ ತೆಗೆದರು. ಮೋರ್ ವಿತ್ ಲೆಸ್, 1976ರದು. ಜಗತ್ತಿನಲ್ಲಿ ಹಸಿದವರಿದ್ದಾರೆ, ನಾವು ಮಾಂಸ ಕಡಿಮೆ ಮಾಡಿ ಕಾಳು, ಧಾನ್ಯ ಜಾಸ್ತಿ ತಿನ್ನೋಣ ಅಂತ ಮೆನೊನೈಟರೇ ತಮ್ಮವರಿಗೆ ಬರೆದುಕೊಂಡ ಪುಸ್ತಕ. ನಾನು ಕಣ್ಣು ಬಾಯಿ ಬಿಟ್ಟೆ. ಒಂದು ವರ್ಷ ನಾನು ಒದ್ದಾಡಿ ಹೇಳಿದ್ದು ಇವರ ಮನೆಯಲ್ಲೇ 40 ವರ್ಷದಿಂದ ಇತ್ತು! "ಎಲ್ಲರ ಮನೆಯಲ್ಲೂ ಇದೆ" ಅಂದರು ಅಜ್ಜಿ. ಪುಟ ತಿರುವಿದೆ. ಬ್ರೆಡ್ಡು, ಬಿಸ್ಕೆಟ್ಟಿನ ಪುಟಗಳಲ್ಲಿ ಬೆಣ್ಣೆ ಕಲೆ, ಹಿಟ್ಟಿನ ಬೆರಳಚ್ಚು. ಬೇಳೆಯ ಪುಟಗಳು ಅಂಗಡಿಯಿಂದ ತಂದ ದಿನದ ಹಾಗೆಯೇ ಬೆಳ್ಳಗೆ.

ಬೇಳೆ ಬೆಳೆಯದ ಜನವೂ ಅಲ್ಲ ಇವರು. ಅಜ್ಜಿಯ ತಮ್ಮ ಪಕ್ಕದ ಸಸ್ಕಾಚೆವಾನ್‌ನಲ್ಲಿ ಮಸೂರ, ಹಳದಿ ಬಟಾಣಿ ಬೆಳೆಯುತ್ತಾರೆ. ಬಟಾಣಿಯಲ್ಲಿ ಒಂದಿಷ್ಟು ಭಾರತಕ್ಕೆ, ಒಂದಿಷ್ಟು ಹಂದಿಯ ಮೇವಿಗೆ. 2017ರ ನವೆಂಬರ್‌ನಲ್ಲಿ ಭಾರತ ಬಟಾಣಿ ಮೇಲೆ 50 ಪರ್ಸೆಂಟ್ ಆಮದು ಸುಂಕ ಹಾಕಿತು. ಕ್ರಿಸ್‌ಮಸ್‌ಗೆ ಬಂದವರು ನನ್ನನ್ನು ನೋಡಿದ್ದೇ, "ಏನಮ್ಮಾ ನಿಮ್ಮವರು ಹೀಗೆ ಮಾಡಿದರು?" ಅಂದರು. ವಾಣಿಜ್ಯ ಮಂತ್ರಿ ನಾನೇ ಏನೋ ಅನ್ನುವ ಹಾಗೆ. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯ ಸುಂಕ ತೆಗೆದಾಗ ಅದೇ ಮನುಷ್ಯ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದರು. ನಾನೂ ಸುಮ್ನೆ "ಇರಲಿ ಬಿಡಿ" ಅಂದೆ.

ಪಾಟ್‌ಲಕ್‌ಗೆ ಏನು ಒಯ್ಯಬೇಕು ಅನ್ನುವುದನ್ನೂ ತಪ್ಪು ಮಾಡಿಯೇ ಕಲಿತೆ. ಚಿತ್ರಾನ್ನ ಒಯ್ದಾಗ ಒಗ್ಗರಣೆಯ ಕಡಲೆಬೇಳೆಯನ್ನು ಕಲ್ಲು ಅಂದುಕೊಂಡು ಆರಿಸಿ ತಟ್ಟೆಯಂಚಿಗೆ ಸಾಲಾಗಿ ಇಟ್ಟಿದ್ದರು. ಆಮೇಲೆ ಹೊಳೆಯಿತು, ಇವರು ಸಬ್ಬಸಿಗೆಯನ್ನು ನಮ್ಮಷ್ಟೇ ಪ್ರೀತಿಯಿಂದ ತಿನ್ನುವ ಜನ. ಉಪ್ಪಿನಕಾಯಿಗೂ ಅದೇ, ಸೂಪಿಗೂ ಅದೇ. ಆಲೂಗಡ್ಡೆ ಸಬ್ಬಸಿಗೆ ಪಲ್ಯ ಖಾರ ಕಡಿಮೆ ಮಾಡಿ ಒಯ್ದೆ. ಪಾತ್ರೆ ತೊಳೆದಿಟ್ಟ ಹಾಗೆ ಖಾಲಿ. ಬೇಸಿಗೆಯಲ್ಲಿ ಹುಳಿ ಸೊಪ್ಪು, ಮಜ್ಜಿಗೆ ಹಾಕಿ ಸುಮ್ಮಾ ಬೋರ್ಷ್ಟ್ ಅಂತ ಮಾಡುತ್ತಾರೆ. ಬಾಯಿಗಿಟ್ಟರೆ ಪುಂಡಿ ಪಲ್ಯದ ನೆನಪು. ಹ್ಯಾಮ್ ಎಲುಬಿನ ಬದಲು ನಾನು ಬೆಣ್ಣೆಯಲ್ಲಿ ಕಂದಿಸಿದ ಈರುಳ್ಳಿ ಹಾಕುತ್ತೇನೆ.

ಹಾಂ, ರೋಲ್‌ಕೂಖನ್ ಮರೆತೆ. ದೊಡ್ಡ ಶಂಕರಪೋಳಿ ಅಂದುಕೊಳ್ಳಿ, ಕರಿದು ಕಲ್ಲಂಗಡಿ ಹಣ್ಣಿನ ಜೊತೆ ತಿನ್ನುವುದು. ಯಾರು ಈ ಜೋಡಿ ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಮನೆಯಲ್ಲಿ ನಾನೇ ಮೊಟ್ಟೆ ಬಿಟ್ಟು, ಕನೋಲಾ ಎಣ್ಣೆಯಲ್ಲಿ ಕರಿಯುತ್ತೇನೆ.

ಕಳೆದ ಚಳಿಗಾಲ ಮೈನಸ್ 30ರ ಒಂದು ಸಂಜೆ ಬಾಗಿಲು ಬಡಿದ ಸದ್ದು. ಅಜ್ಜಿ, ಕೈಯಲ್ಲಿ ಅದೇ ಪಾತ್ರೆ. ಒಳಗೆ ಬರುವ ಮುಂಚೆಯೇ ಹೊಸ್ತಿಲಲ್ಲಿ ನಿಂತು ಕನ್ನಡದಲ್ಲಿ ಕೂಗಿದರು, "ಎಲುಬು ಇಲ್ಲಾ!" ನಾನೇ ಕಲಿಸಿದ್ದು. ಸೌಟು ಹಾಕಿ ತಳದವರೆಗೂ ತಿರುಗಿಸಿದೆ. ಟಣ್ ಅನ್ನಲಿಲ್ಲ. ಎಲೆಕೋಸು, ಆಲೂಗಡ್ಡೆ, ಸಬ್ಬಸಿಗೆ, ಅಷ್ಟೇ. ಬಡಿಸಿಕೊಂಡೆ. ಘಮ ಮಾತ್ರ ಮೊದಲಿನದೇ.

"ಎಲುಬಿಲ್ಲದೆ ಈ ಘಮ ಹೇಗೆ ಬಂತು ಅಜ್ಜಿ?" ಅಂದೆ, ಚಮಚ ಬಾಯಿಯ ಹತ್ತಿರ ಹಿಡಿದು.

ಅಜ್ಜಿ ಮುಖವರಳಿಸಿಕೊಂಡು ಹತ್ತಿರ ಬಂದು ಗುಟ್ಟು ಹೇಳುವವರ ಹಾಗೆ ಅಂದರು, "ಒಂದೇ ಒಂದು ಚಮಚ ಚಿಕನ್ ಪೌಡರ್."